ಮಳೆಗಾಲದಲ್ಲಿ ವಾಹನದ ಗಾಜಿಗೆ ಹಿಡಿಯುವ ಮಸುಕು

ಸಾಂದ್ರೀಕರಣದ ಪಾಠವನ್ನು ನಾವು ಸಾಮಾನ್ಯವಾಗಿ ಮಂಜುಗಡ್ಡೆ ಹಾಕಿದ ಲೋಟದ ಚಿತ್ರದಿಂದ ಆರಂಭಿಸುತ್ತೇವೆ. ಲೋಟದ ಹೊರಮೈಯಲ್ಲಿ ಮೂಡಿದ ಹನಿಗಳನ್ನು ತೋರಿಸಿ, ಗಾಳಿಯಲ್ಲಿರುವ ನೀರಾವಿಯು ತಂಪಾದ ಮೇಲ್ಮೈಗೆ ತಗಲಿದಾಗ ನೀರಾಗುತ್ತದೆ ಎಂದು ಬರೆಯಿಸುತ್ತೇವೆ. ವಿದ್ಯಾರ್ಥಿಗಳು ಆ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಅದೇ ವಿದ್ಯಾರ್ಥಿಗಳು ಸಂಜೆ ಶಾಲಾ ಜೀಪಿನ ಮಸುಕಾದ ಗಾಜಿನ ಮೇಲೆ ಬೆರಳಿನಿಂದ ಹೆಸರು ಬರೆಯುತ್ತ ಮನೆಗೆ ಹೋಗುವಾಗ, ಪುಸ್ತಕದ ಲೋಟವೂ ಈ ಗಾಜೂ ಒಂದೇ ಪಾಠವೆಂಬುದು ಹೆಚ್ಚಿನವರಿಗೆ ಹೊಳೆದಿರುವುದಿಲ್ಲ. ಅವರ ಪಾಲಿಗೆ ಅದೊಂದು ಬರೆಯುವ ಹಲಗೆ. ಚಾಲಕನ ಪಾಲಿಗೆ ಅದು ಅಪಾಯ. ಒಂದು ಕೈಯಲ್ಲಿ ಒರೆಸುವ ಬಟ್ಟೆ, ಇನ್ನೊಂದರಲ್ಲಿ ಸ್ಟಿಯರಿಂಗ್; ಎದುರಿನ ಲಾರಿಯ ದೀಪವು ಮಸುಕಿನಲ್ಲಿ ಹರಡಿಕೊಂಡು ರಸ್ತೆಯ ಅಂಚೇ ಕಾಣದಂತಾಗುತ್ತದೆ.

ಒಮ್ಮೆ ಉಪಜಿಲ್ಲಾ ಶಾಸ್ತ್ರೋತ್ಸವ ಮುಗಿಸಿ ನಾಲ್ವರು ವಿದ್ಯಾರ್ಥಿಗಳೊಡನೆ ಬಾಡಿಗೆ ಕಾರಿನಲ್ಲಿ ಮರಳುತ್ತಿದ್ದೆ. ತುಲಾಮಾಸದ ಮಳೆ, ಕತ್ತಲಾಗುತ್ತಿತ್ತು. ಎದುರುಗಾಜು ಮಸುಕಾಯಿತು. ಚಾಲಕರು ಒಳಗಿನಿಂದ ಒರೆಸಿದರು, ಹೋಗಲಿಲ್ಲ. ಏರ್‌ಕಂಡೀಷನನ್ನು ಇನ್ನಷ್ಟು ತಂಪಿಗೆ ತಿರುಗಿಸಿದರು, ಮಸುಕು ದಟ್ಟವಾಯಿತು. ವಿಜ್ಞಾನದ ಅಧ್ಯಾಪಕನಾದ ನಾನೂ ಮತ್ತೊಂದು ಬಟ್ಟೆ ಹುಡುಕುವುದರಲ್ಲೇ ಇದ್ದೆ. ಆಗ ಹಿಂದಿನ ಸೀಟಿನಲ್ಲಿದ್ದ ಏಳನೆಯ ತರಗತಿಯ ಹುಡುಗಿ, ಪಕ್ಕದ ಗಾಜಿನ ಮೇಲೆ ಎಂದಿನಂತೆ ಹೆಸರು ಬರೆಯಲು ಹೊರಟವಳು, ಹೇಳಿದಳು: “ಸರ್, ಇವತ್ತು ಗೀಟು ಬೀಳುವುದೇ ಇಲ್ಲ. ನೀರು ಹೊರಗೆ ಉಂಟು.” ಚಾಲಕರು ಕಾರನ್ನು ಬದಿಗೆ ನಿಲ್ಲಿಸಿ ತಂಪನ್ನು ತಗ್ಗಿಸಿ, ಗಾಜಿನ ಕಡೆಗಿದ್ದ ಗಾಳಿಯನ್ನು ತಿರುಗಿಸಿ, ವೈಪರ್ ಹಾಕಿದರು. ಎರಡು ನಿಮಿಷದಲ್ಲಿ ರಸ್ತೆ ಕಂಡಿತು.

ಆ ಹುಡುಗಿಯ ಮಾತಿನಲ್ಲಿರುವುದೇ ಈ ವಿಷಯದ ಮೊದಲ ಪ್ರಶ್ನೆ: ನೀರು ಗಾಜಿನ ಯಾವ ಬದಿಯಲ್ಲಿದೆ? ಉತ್ತರ ಬೇರೆಯಾದರೆ ಉಪಾಯವೂ ಬೇರೆಯಾಗುತ್ತದೆ. ಒಂದಕ್ಕೆ ಮಾಡಬೇಕಾದುದನ್ನು ಇನ್ನೊಂದಕ್ಕೆ ಮಾಡಿದರೆ ಕೇಡು ಹೆಚ್ಚುತ್ತದೆ.

ಗಾಳಿಯು ಎಷ್ಟು ನೀರಾವಿಯನ್ನು ಹೊರಬಲ್ಲದು ಎಂಬುದು ಅದರ ಉಷ್ಣತೆಯನ್ನು ಅವಲಂಬಿಸಿದೆ. ಒಂದು ಘನಮೀಟರ್ ಜಾಗದಲ್ಲಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ಗ್ರಾಂ, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ, 10 ಡಿಗ್ರಿಯಲ್ಲಿ ಸುಮಾರು 9 ಗ್ರಾಂ ನೀರಾವಿ ಇರಬಹುದು. ಅದಕ್ಕಿಂತ ಹೆಚ್ಚಾದುದು ನೀರಾಗಿ ಬೇರ್ಪಡುತ್ತದೆ. ಗಾಳಿಯನ್ನು ತಂಪುಮಾಡುತ್ತ ಹೋದಂತೆ ಅದರಲ್ಲಿರುವ ಆವಿಯು ಹನಿಗಟ್ಟಲು ತೊಡಗುವ ಉಷ್ಣತೆಯೇ ತುಷಾರಬಿಂದು. ಗಾಜು ತನಗೆ ತಗಲಿದ ಗಾಳಿಯ ತುಷಾರಬಿಂದುವಿಗಿಂತ ತಂಪಾಗಿದ್ದರೆ ಮಸುಕು ಹಿಡಿಯುತ್ತದೆ, ಬೆಚ್ಚಗಿದ್ದರೆ ಹಿಡಿಯುವುದಿಲ್ಲ. ಇಲ್ಲಿ ಪದದ ಬಗ್ಗೆ ಒಂದು ಮಾತು. ಕೆಲವರು ಈ ಕ್ರಿಯೆಯನ್ನು ‘ಘನೀಕರಣ’ ಎನ್ನುವುದುಂಟು. ಆವಿಯು ನೀರಾಗುವುದಕ್ಕೆ ‘ಸಾಂದ್ರೀಕರಣ’ವನ್ನೂ, ನೀರು ಮಂಜುಗಡ್ಡೆಯಾಗುವುದಕ್ಕೆ ‘ಘನೀಕರಣ’ವನ್ನೂ ಮೀಸಲಿಟ್ಟರೆ ಮಕ್ಕಳ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಮೊದಲು ಒಳಬದಿಯ ಮಸುಕು. ವಯನಾಡಿನ ಒಂದು ಜುಲೈ ಸಂಜೆಯನ್ನು ಊಹಿಸಿಕೊಳ್ಳಿ. ಹೊರಗೆ 19 ಡಿಗ್ರಿ, ಗಾಜೂ ಹೆಚ್ಚುಕಡಿಮೆ ಅಷ್ಟೇ. ಜೀಪಿನೊಳಗೆ ಹತ್ತು ಮಕ್ಕಳು, ಹತ್ತು ಒದ್ದೆ ಕೊಡೆಗಳು, ಕಿಟಕಿಗಳೆಲ್ಲ ಮುಚ್ಚಿವೆ. ವಯಸ್ಕನೊಬ್ಬನ ಉಸಿರಿನಿಂದಲೇ ಗಂಟೆಗೆ ಹದಿನೈದು ಗ್ರಾಂನಷ್ಟು ನೀರು ಹೊರಬೀಳುತ್ತದೆ. ಒಂದು ಮಗುವಿಗೆ ಹತ್ತು ಗ್ರಾಂ ಎಂದಿಟ್ಟುಕೊಂಡರೂ ಹತ್ತು ಮಕ್ಕಳಿಂದ ಗಂಟೆಗೆ ನೂರು ಗ್ರಾಂ. ನಾಲ್ಕು ಘನಮೀಟರ್ ಒಳಜಾಗವಿರುವ ವಾಹನದ ಗಾಳಿಯು 20 ಡಿಗ್ರಿಯಲ್ಲಿ ಹೊರಬಲ್ಲುದು ಎಪ್ಪತ್ತು ಗ್ರಾಂಗಿಂತ ಕಡಿಮೆ. ಮಳೆಯ ದಿನ ಅದರ ಬಹುಪಾಲು ಮೊದಲೇ ತುಂಬಿರುತ್ತದೆ. ಹತ್ತು ನಿಮಿಷದಲ್ಲಿ ಗಾಜು ಬೆಳ್ಳಗಾಗುವುದೇಕೆ ಎಂಬುದು ಈ ಲೆಕ್ಕದಲ್ಲೇ ಇದೆ. ಒದ್ದೆ ಕೊಡೆ, ಚೀಲ, ಕಾಲಡಿಯ ಮ್ಯಾಟುಗಳ ನೀರನ್ನು ಇಲ್ಲಿ ಸೇರಿಸಿಯೇ ಇಲ್ಲ. ಈ ಲೆಕ್ಕವನ್ನು ಏಳನೆಯ ತರಗತಿಯವರಿಂದ ಮಾಡಿಸಬಹುದು. ಅವರ ಜೀಪಿನ ಉದ್ದ, ಅಗಲ, ಎತ್ತರಗಳನ್ನು ಅವರೇ ಅಳೆಯಲಿ.

ಹೀಗಿರುವಾಗ ಮಾಡಬೇಕಾದುದು ಎರಡು: ಒಳಗಿನ ಆವಿಯನ್ನು ಹೊರಗೆ ಕಳಿಸುವುದು, ಗಾಜನ್ನು ಬೆಚ್ಚಗಾಗಿಸುವುದು. ಏರ್‌ಕಂಡೀಷನ್ ಇಲ್ಲದ ಜೀಪಿನಲ್ಲಿ ಮುಂದಿನ ಒಂದು ಕಿಟಕಿಯನ್ನೂ ಅದಕ್ಕೆ ಎದುರು ಬದಿಯ ಹಿಂದಿನ ಒಂದನ್ನೂ ಎರಡು ಬೆರಳಿನಷ್ಟು ತೆರೆದರೆ ಗಾಳಿಯಾಡುತ್ತದೆ. ಮಳೆಯಲ್ಲಿ ಕಿಟಕಿ ತೆರೆಯುವುದೇ ಎಂದು ಮಕ್ಕಳು ತಕರಾರು ಮಾಡುತ್ತಾರೆ. ಭುಜ ಸ್ವಲ್ಪ ನೆನೆದರೂ ರಸ್ತೆ ಕಾಣುವುದು ಮುಖ್ಯ. ಕೊಡೆಗಳನ್ನು ಹತ್ತುವ ಮೊದಲೇ ಕೊಡವಿ, ಸಾಧ್ಯವಾದರೆ ಹಿಂಬದಿಯಲ್ಲಿ ಬಕೆಟಿನೊಳಗೆ ನಿಲ್ಲಿಸಬೇಕು. ಕಾರಿನಲ್ಲಾದರೆ ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಆರಿಸಿ ಹೊರಗಾಳಿ ಬರುವಂತೆ ಮಾಡಬೇಕು. ಎದುರುಗಾಜಿನತ್ತ ಗಾಳಿ ಬಿಟ್ಟು, ಬಿಸಿಗಾಳಿ ಮತ್ತು ಏರ್‌ಕಂಡೀಷನ್ ಎರಡನ್ನೂ ಒಟ್ಟಿಗೆ ಹಾಕಬೇಕು. ಬಿಸಿಯೂ ತಂಪೂ ಒಟ್ಟಿಗೆ ಏಕೆಂದು ಚಾಲಕರೇ ಕೇಳುವುದುಂಟು. ಏರ್‌ಕಂಡೀಷನಿನೊಳಗಿನ ತಣ್ಣನೆಯ ಸುರುಳಿಗೆ ತಗಲಿದ ಗಾಳಿಯು ತನ್ನ ಆವಿಯನ್ನು ಅಲ್ಲೇ ನೀರಾಗಿ ಬಿಡುತ್ತದೆ. ಕಾರಿನಡಿಯಲ್ಲಿ ತೊಟ್ಟಿಕ್ಕುವುದು ಆ ನೀರೇ. ಒಣಗಿದ ಗಾಳಿಯನ್ನು ಬಳಿಕ ಬಿಸಿಮಾಡಿದರೆ ಅದು ಗಾಜಿನ ಹನಿಗಳನ್ನು ಬೇಗ ಹೀರಿಕೊಳ್ಳುತ್ತದೆ. ಹಾಗೆ ಓಡುತ್ತಿರುವಾಗ ಏರ್‌ಕಂಡೀಷನನ್ನು ಆರಿಸಿ ಫ್ಯಾನನ್ನು ಮಾತ್ರ ಉಳಿಸಿದರೆ, ಸುರುಳಿಯ ಮೇಲಿನ ನೀರು ಮತ್ತೆ ಆವಿಯಾಗಿ ಗಾಜು ಥಟ್ಟನೆ ಮಸುಕಾಗುವುದುಂಟು. ತಿರುವಿನ ನಡುವೆ ಹೀಗಾಗದಂತೆ ಎಚ್ಚರ ಬೇಕು. ಹಿಂಗಾಜಿನ ಮೇಲೆ ಸಣ್ಣ ಗೆರೆಗಳಿದ್ದರೆ ಅವು ಗಾಜನ್ನು ಬಿಸಿಮಾಡುವ ವಿದ್ಯುತ್ ತಂತಿಗಳು. ಗುಂಡಿ ಒತ್ತಿದರೆ ಸಾಕು, ಉಜ್ಜಬಾರದು.

ಹೊರಬದಿಯ ಮಸುಕು ಕಾಸರಗೋಡಿನಂತಹ ಕರಾವಳಿಯ ವಿಶೇಷ. ಮಳೆ ಬಂದು ನಿಂತ ಸಂಜೆ ಹೊರಗಾಳಿ 26 ಡಿಗ್ರಿಯಲ್ಲಿ ಆವಿಯಿಂದ ತುಂಬಿರುತ್ತದೆ. ಒಳಗಿನ ತಂಪಿನಿಂದ ಗಾಜು 22 ಡಿಗ್ರಿಗೆ ಇಳಿದರೆ, ಇಡೀ ಕಾರೇ ಪಾಠಪುಸ್ತಕದ ಲೋಟವಾಗಿಬಿಡುತ್ತದೆ. ಇಲ್ಲಿ ಒಳಗಿನಿಂದ ಎಷ್ಟು ಒರೆಸಿದರೂ ವ್ಯರ್ಥ. ವೈಪರ್ ಹಾಕಬೇಕು, ತಂಪನ್ನು ಕಡಿಮೆ ಮಾಡಬೇಕು, ತಣ್ಣನೆಯ ಗಾಳಿ ಗಾಜಿಗೆ ನೇರವಾಗಿ ಬೀಸದಂತೆ ತಿರುಗಿಸಬೇಕು. ಅಂತಹ ಕಾರಿನಿಂದ ಇಳಿದೊಡನೆ ನಮ್ಮ ಕನ್ನಡಕ ಮಸುಕಾಗುವುದೂ ಇದೇ ಕಾರಣದಿಂದ.

ನೀಲಗಿರಿಯ ಅಧ್ಯಾಪಕರಿಗೆ ಮೂರನೆಯ ಪ್ರಸಂಗವೂ ಗೊತ್ತು. ಉದಕಮಂಡಲದ ಸುತ್ತ ಡಿಸೆಂಬರ್, ಜನವರಿಯ ಮುಂಜಾನೆ ಗಾಜಿನ ಹೊರಗೆ ಹಿಮವೇ ಕಟ್ಟಿರುತ್ತದೆ. ಅದರ ಮೇಲೆ ಕುದಿನೀರು ಸುರಿದರೆ ಗಾಜು ಬಿರಿಯಬಹುದು.

ಗಾಜನ್ನು ಶುಚಿಯಾಗಿಡುವುದು ಎಲ್ಲ ಊರಿಗೂ ಅನ್ವಯಿಸುವ ಮಾತು. ಧೂಳು, ಎಣ್ಣೆಯ ಪಸೆ ಇರುವ ಗಾಜಿನಲ್ಲಿ ನೀರು ಬಿಡಿ ಬಿಡಿ ಹನಿಯಾಗಿ ನಿಂತು ಬೆಳಕನ್ನು ಎಲ್ಲೆಡೆಗೆ ಚದುರಿಸುತ್ತದೆ. ಶುಚಿಯಾದ ಗಾಜಿನಲ್ಲಿ ಅದೇ ನೀರು ತೆಳು ಪದರವಾಗಿ ಹರಡುವುದರಿಂದ ಆಚೆಯದು ಕಾಣುತ್ತದೆ. ಬಟ್ಟೆಗೆ ಸ್ವಲ್ಪ ಸಾಬೂನು ಸವರಿ ಒಳಗಾಜನ್ನು ಒರೆಸಿ, ಒಣಬಟ್ಟೆಯಿಂದ ತಿಕ್ಕಿದರೆ ಕೆಲವು ದಿನ ಪ್ರಯೋಜನವಾಗುತ್ತದೆ. ಸಾಬೂನು ಹೆಚ್ಚಾದರೆ ರಾತ್ರಿ ಎದುರಿನ ದೀಪ ಕಣ್ಣಿಗೆ ರಾಚುತ್ತದೆ. ವೈಪರ್ ಕೆಟ್ಟಾಗ ಚಾಲಕರು ಬೀಡಿಯ ಹೊಗೆಸೊಪ್ಪನ್ನು ಹೊರಗಾಜಿಗೆ ಉಜ್ಜುವ ಹಳೆಯ ರೂಢಿಯೂ ನೀರು ಹನಿಗಟ್ಟದೆ ಹರಡಲಿ ಎಂಬುದಕ್ಕಾಗಿಯೇ. ಮಕ್ಕಳಿಗೆ ಅದನ್ನು ವಿವರಿಸಬಹುದು, ಅವರ ಕೈಯಿಂದ ಮಾಡಿಸಬಾರದು.

ತರಗತಿಯಲ್ಲಿ ಲೋಟದ ಪ್ರಯೋಗವನ್ನು ಮಾಡುವಾಗ ನೀರಿಗೆ ಅರಸಿನ ಹುಡಿ ಬೆರೆಸಿರಿ. ಹನಿಗಳು ಲೋಟದಿಂದ ಜಿನುಗಿ ಬಂದವೆಂದು ನಂಬುವ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಹೊರಗಿನ ಹನಿ ಹಳದಿಯಾಗಿಲ್ಲವೆಂದು ಅವರೇ ಕಾಣಲಿ. ತಕ್ಕಡಿ ಇದ್ದರೆ ಮುಚ್ಚಳ ಹಾಕಿದ ತಣ್ಣನೆಯ ಲೋಟವನ್ನು ತೂಗಿ, ಕಾಲು ಗಂಟೆಯ ಬಳಿಕ ಮತ್ತೆ ತೂಗಿಸಿ. ತೂಕ ಹೆಚ್ಚಿರುತ್ತದೆ.

ಇದಾದ ಮೇಲೆ ಅವರು ಕೇಳುವ ಒಂದು ಪ್ರಶ್ನೆಗೆ ಸಿದ್ಧರಾಗಿರಿ. ನಿನ್ನೆ ಗಾಜಿನಲ್ಲಿ ಬರೆದ ಹೆಸರು ಒಣಗಿ ಮಾಯವಾಗಿತ್ತು. ಇಂದು ಮಸುಕು ಹಿಡಿದೊಡನೆ ಮತ್ತೆ ಅದೇ ಹೆಸರು ಮೂಡಿದ್ದೇಕೆ? ಬೆರಳು ತಗಲಿದ ಕಡೆ ಚರ್ಮದ ಜಿಡ್ಡು ಉಳಿದಿರುತ್ತದೆ, ಮತ್ತು ಗಾಜಿನ ಮೇಲೆ ಮೊದಲೇ ಇದ್ದ ಪಸೆಯೂ ಅಲ್ಲಿ ಅಳಿಸಿರುತ್ತದೆ. ಹಾಗಾಗಿ ಅಲ್ಲಿ ಹನಿಗಳು ಬೇರೆ ಗಾತ್ರದಲ್ಲಿ ಕಟ್ಟುತ್ತವೆ. ಗಾಜಿನ ಅರ್ಧವನ್ನು ಸಾಬೂನಿನಿಂದ ತೊಳೆಯಿಸಿ, ಮರುದಿನ ಹೆಸರಿನ ಯಾವ ಅಕ್ಷರಗಳು ಉಳಿದಿವೆ ಎಂದು ಅವರೇ ನೋಡಿ ಬಂದು ಹೇಳಲಿ.