ಪ್ಯಾಂಕ್ರಿಯಾಟೈಟಿಸ್: ಊಟ ಬಿಟ್ಟರೆ ನೋವು ಬಿಡುತ್ತದೆಯೇ?

ಮೇಲ್ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹಬ್ಬುವ ನೋವು, ಜೊತೆಗೆ ವಾಂತಿ. ಮುಂದಕ್ಕೆ ಬಾಗಿ ಕುಳಿತರೆ ಮಾತ್ರ ಸ್ವಲ್ಪ ಸಮಾಧಾನ. ಮೇದೋಜೀರಕ ಗ್ರಂಥಿಯ ಉರಿಯೂತ, ಅಂದರೆ ಪ್ಯಾಂಕ್ರಿಯಾಟೈಟಿಸ್, ಮತ್ತೆ ಮತ್ತೆ ಬರುವವರಿಗೆ ಊಟದ ತಟ್ಟೆ ಕಂಡರೇ ಭಯ. ‘ಬರೀ ಗಂಜಿ ಕುಡಿ, ಎಣ್ಣೆ ಮುಟ್ಟಲೇಬೇಡ’ ಎಂಬ ಸಲಹೆ ಎಲ್ಲರಿಂದಲೂ ಬರುತ್ತದೆ. ಇದರಲ್ಲಿ ಸತ್ಯ ಎಷ್ಟು?

ಈ ಗ್ರಂಥಿಗೆ ಆಗುವುದಾದರೂ ಏನು?

ಮೇದೋಜೀರಕವು ಜಠರದ ಹಿಂದೆ ಇರುವ, ಸುಮಾರು 15 ಸೆಂ.ಮೀ. ಉದ್ದದ ಗ್ರಂಥಿ. ಇನ್ಸುಲಿನ್ ತಯಾರಾಗುವುದು ಇಲ್ಲೇ. ಪಿಷ್ಟ, ಪ್ರೋಟೀನ್, ಕೊಬ್ಬನ್ನು ಜೀರ್ಣಿಸುವ ಕಿಣ್ವಗಳೂ ಇಲ್ಲಿಂದಲೇ ಬರುತ್ತವೆ. ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್ ಕಿಣ್ವವು ಸಣ್ಣ ಕರುಳನ್ನು ತಲುಪುವವರೆಗೆ ನಿಷ್ಕ್ರಿಯವಾಗಿರಬೇಕು. ಅದು ಗ್ರಂಥಿಯೊಳಗೇ ಎಚ್ಚೆತ್ತುಕೊಂಡರೆ ಗ್ರಂಥಿಯನ್ನೇ ಜೀರ್ಣಿಸತೊಡಗುತ್ತದೆ. ಇದು ಪದೇ ಪದೇ ಆದರೆ ಗ್ರಂಥಿಯಲ್ಲಿ ಕಲೆಗಟ್ಟಿ, ಕಾಯಿಲೆ ದೀರ್ಘಕಾಲದ್ದಾಗಬಹುದು.

ತಿಂದದ್ದೇ ಕಾರಣವೇ?

ಸಾಮಾನ್ಯವಾಗಿ ಅಲ್ಲ. ದಿಢೀರನೆ ಬರುವ ಉರಿಯೂತಕ್ಕೆ ಎರಡು ಮುಖ್ಯ ಕಾರಣಗಳು ಪಿತ್ತಕೋಶದ ಕಲ್ಲು ಮತ್ತು ಮದ್ಯ. ರಕ್ತದಲ್ಲಿ ಟ್ರೈಗ್ಲಿಸರೈಡ್ 1000 ಮಿ.ಗ್ರಾಂ. ದಾಟುವುದು, ಕ್ಯಾಲ್ಸಿಯಂ ಹೆಚ್ಚುವುದು, ಕೆಲವು ಔಷಧಿಗಳು ಮತ್ತು ಜೀನ್‌ಗಳೂ ಕಾರಣವಾಗಬಹುದು.

ಊಟವನ್ನು ದೂರುವುದು ಹೊಸದಲ್ಲ. ಮದ್ಯ ಮುಟ್ಟದ ಎಳೆಯರಲ್ಲೂ ಕಾಣಿಸುವ ಒಂದು ಬಗೆಯ ಪ್ಯಾಂಕ್ರಿಯಾಟೈಟಿಸ್ ಕೇರಳದಲ್ಲಿ ಹೆಚ್ಚಾಗಿ ಕಂಡುಬಂದಾಗ, ಅಲ್ಲಿನವರು ತಿನ್ನುವ ಮರಗೆಣಸಿನ ಮೇಲೆ ಅನುಮಾನ ಬಿತ್ತು. ಆದರೆ ಮರಗೆಣಸು ತಿನ್ನದವರಲ್ಲೂ ಕಾಯಿಲೆ ಕಂಡಿತು. ಮುಂದೆ ಇಂಥ ಹಲವು ರೋಗಿಗಳಲ್ಲಿ ಸ್ಪಿಂಕ್1 ಎಂಬ ಜೀನ್‌ನ ಬದಲಾವಣೆ ಪತ್ತೆಯಾಯಿತು. ಟ್ರಿಪ್ಸಿನ್‌ಗೆ ಕಡಿವಾಣ ಹಾಕುವ ಪ್ರೋಟೀನನ್ನು ತಯಾರಿಸುವ ಜೀನ್ ಇದು.

ಆದ್ದರಿಂದ ಮೊದಲು ಕಾರಣ ಗೊತ್ತಾಗಬೇಕು. ಪಿತ್ತಕೋಶದ ಕಲ್ಲು ಗಂಜಿಯಿಂದ ಕರಗುವುದಿಲ್ಲ. ಟ್ರೈಗ್ಲಿಸರೈಡ್ ಕಾರಣವಾದರೆ ಕೊಬ್ಬು, ಸಕ್ಕರೆಯ ಪಥ್ಯ ನಿಜಕ್ಕೂ ಬೇಕು. ಕಾರಣ ಯಾವುದೇ ಇರಲಿ, ಮದ್ಯ ಮತ್ತು ಧೂಮಪಾನ ಎರಡನ್ನೂ ಬಿಡಬೇಕು. ಸಿಗರೇಟು, ಬೀಡಿಯಿಂದಲೂ ಈ ಕಾಯಿಲೆ ಬಿಗಡಾಯಿಸುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಉಪವಾಸದಿಂದ ಗ್ರಂಥಿಗೆ ವಿಶ್ರಾಂತಿ ಸಿಗುವುದಿಲ್ಲವೇ?

ಹಿಂದೆ ವೈದ್ಯರೂ ಹಾಗೇ ನಂಬಿದ್ದರು. ಆಸ್ಪತ್ರೆಯಲ್ಲಿ ದಿನಗಟ್ಟಲೆ ಬಾಯಿಗೆ ಏನೂ ಕೊಡುತ್ತಿರಲಿಲ್ಲ. ಈಗ ಆ ಪದ್ಧತಿ ಬದಲಾಗಿದೆ. ಅಮೆರಿಕದ ಜಠರ-ಕರುಳು ತಜ್ಞರ ಸಂಘವು 2018ರ ಮಾರ್ಗಸೂಚಿಯಲ್ಲಿ, ರೋಗಿ ತಡೆದುಕೊಳ್ಳುವಂತಿದ್ದರೆ 24 ಗಂಟೆಯೊಳಗೆ ಬಾಯಿಯ ಮೂಲಕವೇ ಆಹಾರ ಶುರುಮಾಡಿ ಎಂದಿತು. ಕರುಳಿಗೆ ಆಹಾರ ಸಿಗುತ್ತಿದ್ದರೆ ಅದರ ಒಳಪದರ ಗಟ್ಟಿಯಾಗಿರುತ್ತದೆ, ಸೋಂಕಿನ ಅಪಾಯ ತಗ್ಗುತ್ತದೆ. ಇದು ಆಸ್ಪತ್ರೆಯಲ್ಲಿ ವೈದ್ಯರು ತೀರ್ಮಾನಿಸುವ ವಿಷಯ ಎಂಬುದು ನೆನಪಿರಲಿ.

ಹಾಗಾದರೆ ಎಣ್ಣೆ, ತುಪ್ಪ?

ನೋವು ಬಂದುಹೋದ ಕೆಲವು ದಿನ ಕೊಬ್ಬು ಕಡಿಮೆ ಇರುವ ಊಟ ಹಿತ. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಇರುವವರೆಲ್ಲರೂ ಜೀವನಪೂರ್ತಿ ಕೊಬ್ಬು ಬಿಡಬೇಕಿಲ್ಲ ಎನ್ನುತ್ತದೆ ಯುರೋಪಿನ ಪೋಷಣೆ ತಜ್ಞರ 2020ರ ಮಾರ್ಗಸೂಚಿ. ಇಂಥವರಲ್ಲಿ ಅಪೌಷ್ಟಿಕತೆಯೇ ದೊಡ್ಡ ತೊಂದರೆ. ತೂಕ ಇಳಿಯುತ್ತದೆ, ಎ, ಡಿ, ಇ, ಕೆ ವಿಟಮಿನ್‌ಗಳ ಕೊರತೆಯಾಗುತ್ತದೆ, ಮೂಳೆ ಸವೆಯುತ್ತದೆ. ಭಯಪಟ್ಟು ಊಟ ಬಿಟ್ಟರೆ ಇದು ಇನ್ನಷ್ಟು ಹೆಚ್ಚುತ್ತದೆ.

ಎರಡು ದೊಡ್ಡ ಊಟದ ಬದಲು ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಿ. ಇಡ್ಲಿ, ಮೆತ್ತಗಿನ ಅನ್ನಕ್ಕೆ ಬೇಳೆ, ಕೆನೆ ತೆಗೆದ ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಇರಲಿ. ಬರೀ ಗಂಜಿಯಲ್ಲಿ ಪ್ರೋಟೀನ್ ಸಾಲದು. ಬಜ್ಜಿ, ಬೋಂಡಾ ತಿಂದಾಗ ನೋವು ಬರುತ್ತಿದ್ದರೆ ಅದನ್ನು ಬಿಡಿ. ನಾರು ತೀರಾ ಹೆಚ್ಚಾದರೂ ಕಿಣ್ವಗಳ ಕೆಲಸಕ್ಕೆ ಅಡ್ಡಿಯಾಗಬಹುದು. ತಿಂದದ್ದು, ನೋವು ಬಂದದ್ದು ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ನಿಮಗೆ ಯಾವುದು ಆಗದು ಎಂಬುದು ತಿಳಿಯುತ್ತದೆ.

ಮಲ ಜಿಡ್ಡಾಗಿ, ದುರ್ವಾಸನೆಯಿಂದ ಕೂಡಿ, ನೀರಲ್ಲಿ ತೇಲುತ್ತಿದೆಯೇ? ಕೊಬ್ಬು ಜೀರ್ಣವಾಗುತ್ತಿಲ್ಲ ಎಂಬುದರ ಸೂಚನೆ ಇದಾಗಿರಬಹುದು. ಇದಕ್ಕೆ ವೈದ್ಯರು ಕಿಣ್ವದ ಕ್ಯಾಪ್ಸೂಲ್ ಕೊಡುತ್ತಾರೆ. ಅದನ್ನು ಊಟದ ಜೊತೆಯಲ್ಲೇ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಪ್ರಯೋಜನವಿಲ್ಲ. ಈ ಕಿಣ್ವಗಳನ್ನು ಸಾಮಾನ್ಯವಾಗಿ ಹಂದಿಯ ಮೇದೋಜೀರಕದಿಂದ ತೆಗೆಯುತ್ತಾರೆ. ಇದರ ಬಗ್ಗೆ ಹಿಂಜರಿಕೆ ಇದ್ದರೆ ಮಾತ್ರೆಯನ್ನು ಸುಮ್ಮನೆ ನಿಲ್ಲಿಸದೆ ವೈದ್ಯರೊಡನೆ ಮಾತಾಡಿ.

ಪಥ್ಯದಿಂದಲೇ ನೋವು ಹೋಗುತ್ತದೆಯೇ?

ಕೆಲವರಿಗೆ ಕಡಿಮೆಯಾಗುತ್ತದೆ, ಎಲ್ಲರಿಗೂ ಅಲ್ಲ. ಗ್ರಂಥಿಯ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ, ನರಗಳೇ ಅತಿಸೂಕ್ಷ್ಮವಾಗಿದ್ದರೆ ಊಟ ಬದಲಿಸಿ ಏನೂ ಆಗದು. ಔಷಧಿ, ಎಂಡೋಸ್ಕೋಪಿ, ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ‘ಆಂಟಿಆಕ್ಸಿಡೆಂಟ್’ ಮಾತ್ರೆಗಳ ಬಗ್ಗೆಯೂ ಒಮ್ಮತವಿಲ್ಲ. ದೆಹಲಿಯ ಏಮ್ಸ್‌ನ 2009ರ ಅಧ್ಯಯನದಲ್ಲಿ ಅವು ನೋವು ಕಡಿಮೆ ಮಾಡಿದವು. ಬ್ರಿಟನ್ನಿನ 2012ರ ಅಧ್ಯಯನದಲ್ಲಿ ಮಾಡಲಿಲ್ಲ. ಹಾಗಾಗಿ ಜಾಹೀರಾತು ನೋಡಿ ಕೊಳ್ಳಬೇಡಿ.

ಪಥ್ಯ ಮಾಡಿಯೂ ನೋವು ಬಂದರೆ ಅದು ರೋಗಿಯ ತಪ್ಪಲ್ಲ. ‘ನೀನೇ ಏನೋ ತಿಂದಿರಬೇಕು’ ಎಂದು ಮನೆಯವರು ದೂರುವುದು ಬೇಡ. ತಡೆಯಲಾರದ ನೋವು, ನಿಲ್ಲದ ವಾಂತಿ, ಜ್ವರ, ಕಣ್ಣು ಹಳದಿಯಾಗುವುದು ಕಂಡರೆ ಮನೆಮದ್ದು ಮಾಡುತ್ತಾ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.