ಅಂಶ, ಕಲೆ, ವಿಕಲೆ: ಕೋನಮಾನದ ಪರಿಭಾಷೆ ಮತ್ತು ‘ನಿಮಿಷ’ದ ಗೊಂದಲ

ಶಾಸನ, ವೀರಗಲ್ಲುಗಳ ಕ್ಷೇತ್ರಕಾರ್ಯದಲ್ಲಿ ತೊಡಗಿರುವ ಕನ್ನಡ ಸಂಶೋಧಕರು ಅವು ದೊರೆತ ನೆಲೆಯ ಅಕ್ಷಾಂಶ, ರೇಖಾಂಶಗಳನ್ನೂ ದಾಖಲಿಸುವುದುಂಟು. ಅಂಥ ದಾಖಲೆಗಳಲ್ಲಿ ‘೧೫ ಡಿಗ್ರಿ ೨೬ ನಿಮಿಷ’ ಎಂಬ ಬಗೆಯ ಬರಹ ಕಾಣಸಿಗುತ್ತದೆ. ಇಲ್ಲಿನ ‘ನಿಮಿಷ’ ಕಾಲದ ಅಳತೆಯಲ್ಲ, ಕೋನದ ಅಳತೆ. ಒಂದೇ ಪದವು ಎರಡು ಮಾನಗಳಿಗೆ ಬಳಕೆಯಾಗುವುದರಿಂದ ಉಂಟಾಗುವ ತೊಡಕನ್ನೂ ಅದಕ್ಕೆ ಪರಂಪರೆಯ ಪರಿಭಾಷೆಯಲ್ಲಿಯೇ ಇರುವ ಪರಿಹಾರವನ್ನೂ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಂದು ಬಿಂದುವಿನಲ್ಲಿ ಕೂಡುವ ಎರಡು ರೇಖೆಗಳ ನಡುವಣ ತಿರುವೇ ಕೋನ. ಪೂರ್ಣವೃತ್ತದ ತಿರುವನ್ನು ೩೬೦ ಸಮಭಾಗ ಮಾಡಿದರೆ ಒಂದು ಭಾಗವು ಒಂದು ಡಿಗ್ರಿ. ಅದರ ಅರವತ್ತನೆಯ ಒಂದು ಪಾಲು ಮಿನಿಟು. ಮಿನಿಟಿನ ಅರವತ್ತನೆಯ ಒಂದು ಪಾಲು ಸೆಕೆಂಡು. ಅರವತ್ತರ ಈ ಎಣಿಕೆಯ ಮೂಲ ಬ್ಯಾಬಿಲೋನಿಯ. ಭಾರತೀಯ ಸಿದ್ಧಾಂತ ಗ್ರಂಥಗಳಲ್ಲಿಯೂ ಇದೇ ವಿಭಜನೆಯಿದೆ: ೬೦ ವಿಕಲೆಗೆ ಒಂದು ಕಲೆ, ೬೦ ಕಲೆಗೆ ಒಂದು ಅಂಶ ಅಥವಾ ಭಾಗ, ೩೦ ಅಂಶಕ್ಕೆ ಒಂದು ರಾಶಿ, ೧೨ ರಾಶಿಗೆ ಒಂದು ವೃತ್ತ. ಕಲೆಗೆ ‘ಲಿಪ್ತಾ’ ಎಂಬ ಇನ್ನೊಂದು ಹೆಸರಿದ್ದು, ಅದು ಗ್ರೀಕಿನಿಂದ ಬಂದುದು. ಅಕ್ಷಾಂಶ, ರೇಖಾಂಶ ಎಂಬ ಪದಗಳಲ್ಲಿ ‘ಅಂಶ’ವು ಇಂದಿಗೂ ಉಳಿದಿದೆ ಎಂಬುದು ಗಮನಾರ್ಹ.

‘ಮಿನಿಟು’ ಎಂಬುದರ ಲ್ಯಾಟಿನ್ ಮೂಲದ ಅರ್ಥ ‘ಮೊದಲ ಸಣ್ಣ ಪಾಲು’. ‘ಸೆಕೆಂಡು’ ಎಂದರೆ ‘ಎರಡನೆಯ ಸಣ್ಣ ಪಾಲು’. ಆದ್ದರಿಂದ ಅವು ಕೋನಕ್ಕೂ ಕಾಲಕ್ಕೂ ಸಲ್ಲುತ್ತವೆ. ‘ನಿಮಿಷ’ದ ಮೂಲಾರ್ಥವಾದರೋ ರೆಪ್ಪೆ ಬಡಿಯುವಷ್ಟು ಹೊತ್ತು. ಅದು ಹುಟ್ಟಿನಿಂದಲೇ ಕಾಲವಾಚಿ. ಗಡಿಯಾರದ ಮಿನಿಟಿಗೆ ಒಗ್ಗಿದ ಪದವನ್ನು ವೃತ್ತದ ಪಾಲಿಗೂ ಅನ್ವಯಿಸಿದುದೇ ಗೊಂದಲಕ್ಕೆ ಕಾರಣ.

ಭೂಮಿಯ ಆವರ್ತನೆಯ ಲೆಕ್ಕದಲ್ಲಿ ಈ ಗೊಂದಲ ಸ್ಪಷ್ಟವಾಗುತ್ತದೆ. ೨೪ ಗಂಟೆಗೆ ೩೬೦ ಡಿಗ್ರಿಯಾದರೆ, ಕಾಲದ ಒಂದು ನಿಮಿಷಕ್ಕೆ ಕೋನದ ೧೫ ‘ನಿಮಿಷ’ಗಳಾಗುತ್ತವೆ! ಪರಂಪರೆಯ ಮಾನಗಳಲ್ಲಿ ಹೆಸರುಗಳು ಬೇರೆ, ಸಂಬಂಧ ಮಾತ್ರ ನೇರ. ದಿನಕ್ಕೆ ೬೦ ಘಳಿಗೆ. ಘಳಿಗೆಗೆ ೬ ಅಂಶ. ನಾಲ್ಕು ಸೆಕೆಂಡಿನ ಒಂದು ‘ಪ್ರಾಣ’ಕ್ಕೆ ಸರಿಯಾಗಿ ಒಂದು ಕಲೆ. ದಿನದ ಪ್ರಾಣಗಳೂ ವೃತ್ತದ ಕಲೆಗಳೂ ೨೧,೬೦೦. ಈ ಸಾಮ್ಯವನ್ನು ಆರ್ಯಭಟನು ಕ್ರಿ.ಶ. ೫ನೆಯ ಶತಮಾನದ ಕೊನೆಯಲ್ಲಿಯೇ ಬಳಸಿದ್ದಾನೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಗೆ ಸೇರಿದ ಗಂಗಾವತಿ, ಶ್ರೀರಾಮನಗರ ಸೀಮೆಯನ್ನು ನಿದರ್ಶನವಾಗಿ ನೋಡಬಹುದು. ಭಾರತೀಯ ಪ್ರಮಾಣಕಾಲದ ರೇಖಾಂಶ ೮೨ ಅಂಶ ೩೦ ಕಲೆ. ಈ ಸೀಮೆ ಅದಕ್ಕಿಂತ ಸುಮಾರು ೬ ಅಂಶ ಪಶ್ಚಿಮಕ್ಕಿದೆ. ಎಂದರೆ ಇಲ್ಲಿನ ಸರಾಸರಿ ನಡುಹಗಲು ಗಡಿಯಾರದ ಹನ್ನೆರಡಕ್ಕಿಂತ ಸುಮಾರು ಒಂದು ಘಳಿಗೆ, ಅಂದರೆ ೨೪ ನಿಮಿಷ ತಡ.

ನೆಲೆಯ ದಾಖಲೆಯಲ್ಲಿ ಇನ್ನೊಂದು ಅಪಾಯವೂ ಉಂಟು. ಗಂಗಾವತಿಯ ಅಕ್ಷಾಂಶ ಸುಮಾರು ೧೫ ಅಂಶ ೨೬ ಕಲೆ. ಇದನ್ನು ದಶಮಾಂಶದಲ್ಲಿ ೧೫.೪೩ ಎಂದು ಬರೆಯಬೇಕು. ‘೨೬ ನಿಮಿಷ’ವನ್ನು ಹಾಗೆಯೇ ಇಳಿಸಿ ೧೫.೨೬ ಎಂದು ಬರೆದರೆ ನೆಲೆಯು ಸುಮಾರು ೧೯ ಕಿ.ಮೀ. ದಕ್ಷಿಣಕ್ಕೆ ಸರಿದು, ತುಂಗಭದ್ರೆಯನ್ನು ದಾಟಿ ಕೊಪ್ಪಳ ಜಿಲ್ಲೆಯ ಹೊರಗೆ ಬೀಳುತ್ತದೆ. ಅಕ್ಷಾಂಶದ ಒಂದು ಕಲೆ ನೆಲದ ಮೇಲೆ ಸುಮಾರು ೧.೮೫ ಕಿ.ಮೀ.; ಒಂದು ವಿಕಲೆ ಸುಮಾರು ೩೧ ಮೀಟರು. ಹೊಲದ ಬದುವಿನಲ್ಲಿರುವ ಒಂದು ಕಲ್ಲನ್ನು ಮರಳಿ ಹುಡುಕಲು ವಿಕಲೆಯವರೆಗಿನ ನಿಖರತೆ ಅನಿವಾರ್ಯ.

‘ಕಲೆ’ಗೆ ಕನ್ನಡದಲ್ಲಿ ಬೇರೆ ಅರ್ಥಗಳೂ ಇವೆ ಎಂಬ ಆಕ್ಷೇಪ ಸಹಜ. ಆದರೆ ಅಂಶ, ವಿಕಲೆಗಳ ನಡುವೆ ಬಂದಾಗ ಅದರ ಅರ್ಥದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕೋನಕ್ಕೆ ಅಂಶ, ಕಲೆ, ವಿಕಲೆಗಳನ್ನೋ ಡಿಗ್ರಿ, ಮಿನಿಟು, ಸೆಕೆಂಡುಗಳನ್ನೋ ಬಳಸಿ, ‘ನಿಮಿಷ’ವನ್ನು ಕಾಲಕ್ಕೆ ಮೀಸಲಿಡುವುದು ಯುಕ್ತ. ಪರಿಭಾಷೆಯ ಈ ಎಚ್ಚರವು ಆಕರದ ನೆಲೆಯನ್ನು ಕಾಯ್ದುಕೊಳ್ಳುವ ಎಚ್ಚರವೂ ಹೌದು.