ಬಾಸ್ಟನ್ನಿನ ಮೂಲೆಯಂಗಡಿ

ಬಾಸ್ಟನ್ ನಗರದ ವಾಷಿಂಗ್ಟನ್ ಸ್ಟ್ರೀಟ್ ಮತ್ತು ಸ್ಕೂಲ್ ಸ್ಟ್ರೀಟ್ ಎಂಬ ಎರಡು ಬೀದಿಗಳು ಕೂಡುವೆಡೆಯಲ್ಲಿ, ಮುಗಿಲೆತ್ತರದ ಸೌಧಗಳ ನಡುವೆ ತನ್ನ ಕುಳ್ಳುತನಕ್ಕೆ ಲವಲೇಶವೂ ನಾಚದೆ ನಿಂತಿರುವ ಇಟ್ಟಿಗೆಯ ಕಟ್ಟಡವೊಂದುಂಟು. ‘ಓಲ್ಡ್ ಕಾರ್ನರ್ ಬುಕ್‌ಸ್ಟೋರ್’ ಎಂಬ ಹೆಸರಿನಿಂದ ಅಮೆರಿಕದ ಸಾಹಿತ್ಯಾಭಿಮಾನಿಗಳೆಲ್ಲ ಅದನ್ನು ಬಲ್ಲರಾದರೂ, ಅದನ್ನು ಕಟ್ಟಿಸಿದಾತನಿಗೆ ಸಾಹಿತ್ಯದ ಗೊಡವೆ ಇದ್ದಿತೆನ್ನಲು ಆಧಾರವಿಲ್ಲ. ಆತ ಔಷಧ ಮಾರುತ್ತಿದ್ದ ಥಾಮಸ್ ಕ್ರೀಸ್.

ಧರ್ಮಬೋಧೆ ಮಾಡಿದ ತಪ್ಪಿಗಾಗಿ ಗಡೀಪಾರಾದ ಆನ್ ಹಚಿನ್ಸನ್ ಎಂಬ ಧೀರಸ್ತ್ರೀಯ ಮನೆ ಹಿಂದೆ ಇದ್ದುದು ಇದೇ ನಿವೇಶನದಲ್ಲಿ. 1711ರ ಅಗ್ನಿಪ್ರಳಯದಲ್ಲಿ ಇಲ್ಲಿದ್ದ ಕಟ್ಟಡ ಭಸ್ಮವಾದ ಮೇಲೆ, 1718ರ ಸುಮಾರಿಗೆ ಕ್ರೀಸ್ ಇಲ್ಲಿ ಮನೆಯೂ ಮಳಿಗೆಯೂ ಒಂದೇ ಆಗುವಂತೆ ಈ ಕಟ್ಟಡವನ್ನೆಬ್ಬಿಸಿದನು. ಬೆಂಕಿಯ ಭಯವನ್ನು ಕಂಡುಂಡ ಊರಿನಲ್ಲಿ ಇಟ್ಟಿಗೆಯ ಗೋಡೆಯೆಂಬುದು ಅಲಂಕಾರವಲ್ಲ, ವಿವೇಕ. ಮಾಡಿನ ರಚನೆಯಂತೂ ವಿಶೇಷವಾಗಿ ಗಮನಾರ್ಹ: ಮೇಲ್ಭಾಗದಲ್ಲಿ ಮೆಲ್ಲನೆ ಇಳಿದು, ನಡುವೆ ಮುರಿದು, ಅಲ್ಲಿಂದ ಕಡಿದಾಗಿ ಕೆಳಕ್ಕಿಳಿಯುವ ಈ ಎರಡು ಇಳಿಜಾರುಗಳ ಫಲವಾಗಿ, ಸಾಮಾನ್ಯ ಮಾಡಿನಡಿಯಲ್ಲಿ ತಲೆ ತಗ್ಗಿಸಿ ಓಡಾಡಬೇಕಾದ ಅಟ್ಟವು ಇಲ್ಲಿ ನೆಟ್ಟಗೆ ನಿಲ್ಲಬಹುದಾದ ಕೋಣೆಯಾಗುತ್ತದೆ. ಮೂಲೆಯ ನಿವೇಶನವಾದ್ದರಿಂದ ಬೆಳಕೂ ಗಿರಾಕಿಯೂ ಎರಡು ಬೀದಿಗಳಿಂದ ಒಳಬರುವ ಸೌಕರ್ಯ. ಶಿಲ್ಪವೈಭವವನ್ನು ಅರಸಿ ಬಂದವರಿಗೆ ಇಲ್ಲಿ ನಿರಾಶೆಯೇ ಸರಿ. ವ್ಯಾಪಾರಿಯ ಲೆಕ್ಕಾಚಾರವೇ ಈ ಮನೆಯ ಸೌಂದರ್ಯವೆಂದು ನನ್ನ ಮತ.

ಪುಸ್ತಕದಂಗಡಿ ಇಲ್ಲಿಗೆ ಬಂದುದು ಶತಮಾನವೊಂದು ಕಳೆದ ಬಳಿಕ. ಮುಂದೆ ವಿಲಿಯಂ ಟಿಕ್ನರ್ ಮತ್ತು ಜೇಮ್ಸ್ ಫೀಲ್ಡ್ಸ್ ಇಲ್ಲಿಂದಲೇ ಹಾಥಾರ್ನನ ‘ದಿ ಸ್ಕಾರ್ಲೆಟ್ ಲೆಟರ್’ (1850), ಥೋರೋನ ‘ವಾಲ್ಡನ್’ (1854) ಮೊದಲಾದ ಗ್ರಂಥಗಳನ್ನು ಪ್ರಕಟಿಸಿದರು. ಪರದೆ ಎಳೆದು ಮರೆಮಾಡಿದ ಮೂಲೆಯೊಂದರಲ್ಲಿ ಫೀಲ್ಡ್ಸ್ ಕುಳಿತಿರುತ್ತಿದ್ದನು. ಎಮರ್ಸನ್, ಲಾಂಗ್‌ಫೆಲೋ ಮುಂತಾದವರು ಬಂದು ಹರಟುತ್ತಿದ್ದರು.

1860ರ ದಶಕದಲ್ಲಿ ಟಿಕ್ನರ್ ಮತ್ತು ಫೀಲ್ಡ್ಸರ ಪ್ರಕಾಶನ ಸಂಸ್ಥೆ ಬೇರೆಡೆಗೆ ಹೋಯಿತು. ಕಾಲಾಂತರದಲ್ಲಿ ಗೋಡೆಗಳು ಜಾಹೀರಾತಿನ ಫಲಕಗಳಡಿಯಲ್ಲಿ ಹುದುಗಿದುವು, ಮಳಿಗೆಯಲ್ಲಿ ಪಿಜ್ಜಾ ಬೇಯತೊಡಗಿತು. ಕೊನೆಗೆ ಕಾರು ನಿಲ್ಲಿಸುವ ಕಟ್ಟಡಕ್ಕಾಗಿ ಇದನ್ನು ಕೆಡಹುವ ಮಾತೂ ಎದ್ದಿತು. ಆಗ, 1960ರಲ್ಲಿ, ಕೆಲವು ನಾಗರಿಕರು ‘ಹಿಸ್ಟಾರಿಕ್ ಬಾಸ್ಟನ್’ ಎಂಬ ಸಂಸ್ಥೆಯನ್ನು ಕಟ್ಟಿ ಇದನ್ನು ಕೊಂಡರು. 2011ರಿಂದೀಚೆಗೆ ಇಲ್ಲಿರುವುದು ಮೆಕ್ಸಿಕೋ ಬಗೆಯ ತಿನಿಸಿನ ಹೋಟೆಲು. ಪುಸ್ತಕಪ್ರಿಯರು ಮೂಗು ಮುರಿಯುವುದುಂಟು. ಆದರೆ ಮನೆಯ ಒಡೆತನ ಸಂಸ್ಥೆಯದೇ, ಹಾಗೂ ಬರುವ ಬಾಡಿಗೆಯಿಂದ ಆ ಊರಿನ ಬೇರೆ ಹಳೆಯ ಕಟ್ಟಡಗಳ ಜೀರ್ಣೋದ್ಧಾರಕ್ಕೂ ನೆರವಾಗುತ್ತಿದೆ.